ನಾಯಿಯೊಡನೆ ಮಲೆನಾಡಿನಲ್ಲಿ ಮೂರು ದಿನ: ಇಂಬಳದ ಭಯಕ್ಕಿಂತ ಉಣುಗಿನ ಎಚ್ಚರ ಮುಖ್ಯ

ಓದುಗರ ಪ್ರಶ್ನೆ

"ನಾವು ಬೆಂಗಳೂರಿನವರು. ಮನೆಯಲ್ಲಿ ನಾನು, ಪತ್ನಿ, ಏಳು ವರ್ಷದ ಮಗಳು, ನನ್ನ ತಾಯಿ ಮತ್ತು ನಾಲ್ಕು ವರ್ಷದ ಗಂಡು ಬೀಗಲ್ ನಾಯಿ 'ಗುಂಡ' ಇದ್ದೇವೆ. ಕೆಲಸದ ಒತ್ತಡದಿಂದ ದೂರವಾಗಿ ಮೂರು ದಿನ ಸುಮ್ಮನಿರಬೇಕೆಂದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹೋಂಸ್ಟೇ ನೋಡಿದ್ದೇವೆ. ಹಿಂದೆ ಕಾಡು, ಮುಂದೆ ಅಡಿಕೆ ತೋಟ, ಪಕ್ಕದಲ್ಲಿ ಹಳ್ಳವಿದೆ. ಸ್ವಾತಂತ್ರ್ಯ ದಿನದ ರಜೆಗೆ ಹೋಗುವುದೋ ಸಂಕ್ರಾಂತಿಗೆ ಹೋಗುವುದೋ ಎಂದು ನಿರ್ಧರಿಸಿಲ್ಲ. ಮನೆಯ ಯಜಮಾನರು 'ನಮ್ಮ ನಾಯಿಗಳು ಬಿಟ್ಟೇ ಇರುತ್ತವೆ, ನಿಮ್ಮದನ್ನೂ ಬಿಡಿ, ಏನೂ ಆಗುವುದಿಲ್ಲ' ಎನ್ನುತ್ತಾರೆ. ನನಗೆ ಇಂಬಳದ ಭಯ, ತಾಯಿಗೆ ಮಂಗನ ಕಾಯಿಲೆಯ ಭಯ. ಗುಂಡ ಕಾರಿನಲ್ಲಿ ಅರ್ಧ ಗಂಟೆಗೇ ವಾಂತಿ ಮಾಡುತ್ತಾನೆ. ಸ್ನೇಹಿತರೊಬ್ಬರು ನಿದ್ದೆ ಮಾತ್ರೆ ಕೊಡಿ ಎಂದರು. ಇನ್ನೊಬ್ಬರು ಮೈಗೆ ಬೇವಿನ ಎಣ್ಣೆ, ಅರಿಶಿನ ಹಚ್ಚಿ ಕರೆದೊಯ್ಯಿರಿ ಎಂದರು. ರೇಬೀಸ್ ಲಸಿಕೆ ಕಳೆದ ನವೆಂಬರಿನಲ್ಲಿ ಆಗಿದೆ, ಉಳಿದದ್ದು ಆಗಿ ಎರಡು ವರ್ಷವಾಯಿತು. ಅವನನ್ನು ಬಿಟ್ಟು ಹೋಗಲು ಮಗಳು ಒಪ್ಪುತ್ತಿಲ್ಲ. ಏನು ಮಾಡುವುದು ಒಳ್ಳೆಯದು?"

ಉತ್ತರ

ಶಿವಮೊಗ್ಗದಲ್ಲಿ ಪಶುವೈದ್ಯನಾಗಿ ಎರಡು ದಶಕಗಳಿಗೂ ಹೆಚ್ಚು ಕಾಲ ಕೆಲಸ ಮಾಡಿರುವ ನನಗೆ ನಿಮ್ಮ ಪತ್ರ ಬಹಳ ಪರಿಚಿತವೆನಿಸಿತು. ರಜೆಯ ಮರುವಾರ ನನ್ನ ಬಳಿಗೆ ಬರುವ ಊರಾಚೆಯ ನಾಯಿಗಳಲ್ಲಿ ಹೆಚ್ಚಿನವು ಇಂಥ ಮನೆಗಳಲ್ಲಿ ಉಳಿದು ಹೊರಟವೇ. ನೀವು ಹಲವು ಪ್ರಶ್ನೆಗಳನ್ನು ಕೇಳಿದ್ದೀರಿ. ಅವುಗಳ ಹಿಂದಿರುವ ಆತಂಕ ಮಾತ್ರ ಒಂದೇ: ನಮಗೆ ಸುಖವೆನಿಸುವ ಜಾಗ ಗುಂಡನಿಗೂ ಸುಖವಾಗಿರುತ್ತದೆಯೇ, ಅಥವಾ ನಮ್ಮ ಆಸೆಗೆ ಅವನನ್ನು ಅಪಾಯಕ್ಕೆ ಒಡ್ಡುತ್ತಿದ್ದೇವೆಯೇ? ಕರೆದೊಯ್ಯಬಹುದು ಎಂಬುದೇ ನನ್ನ ಉತ್ತರ. ಆದರೆ ನೀವು ಹೆದರುತ್ತಿರುವುದಕ್ಕೆ ಅಷ್ಟು ಹೆದರಬೇಕಾಗಿಲ್ಲ. ನಿಮ್ಮ ಪತ್ರದಲ್ಲಿ ಹೆಸರೇ ಬಾರದ ಕೆಲವಕ್ಕೆ ಹೆದರಲೇಬೇಕು.

ಮೊದಲು ಇಂಬಳದ, ಅಂದರೆ ನೆಲದ ಜಿಗಣೆಯ, ಮಾತು ಮುಗಿಸುತ್ತೇನೆ. ಮಳೆಗಾಲದ ಮಲೆನಾಡಿನಲ್ಲಿ ಇಂಬಳ ಕಚ್ಚದೆ ನಾಯಿ ಮನೆಗೆ ಮರಳುವುದಿಲ್ಲ. ಕಾಲ್ಬೆರಳುಗಳ ಸಂದಿ, ಕಿವಿಯ ಒಳಮಗ್ಗುಲು, ಹೊಟ್ಟೆಯ ಕೆಳಗಿನ ತೆಳುಚರ್ಮ ಅದಕ್ಕೆ ಪ್ರಿಯವಾದ ಜಾಗಗಳು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತುವೊಂದು ಅದರ ಜೊಲ್ಲಿನಲ್ಲಿರುವುದರಿಂದ, ಇಂಬಳ ಬಿದ್ದುಹೋದ ಮೇಲೂ ಸ್ವಲ್ಪ ಹೊತ್ತು ರಕ್ತ ಜಿನುಗುತ್ತದೆ. ಬಿಳಿಯ ಹಾಸಿನ ಮೇಲೆ ಅದು ದೊಡ್ಡ ಗಾಯದಂತೆ ಕಾಣುತ್ತದೆ. ನಿಮ್ಮ ಗುಂಡನಂಥ ಆರೋಗ್ಯವಂತ ನಾಯಿಗೆ ಹತ್ತು ಇಂಬಳ ಕಚ್ಚಿದರೂ ಆತಂಕಕ್ಕೆ ಕಾರಣವಿಲ್ಲ. ಉಗುರನ್ನು ಚರ್ಮಕ್ಕೆ ಒತ್ತಿ ಸರಿಸುತ್ತ ಅದರ ಬಾಯಿಯ ಹಿಡಿತ ಬಿಡಿಸಿದರೆ ಸಾಕು. ಉಪ್ಪು ಹಾಕುವುದಾದರೆ ಕಾಲಿನ ಮೇಲೆ ಮಾತ್ರ ಹಾಕಬೇಕು, ಕಣ್ಣು ಮೂಗುಗಳ ಹತ್ತಿರ ಕೂಡದು. ಹೊಗೆಸೊಪ್ಪು ಮತ್ತು ಸುಣ್ಣವನ್ನು ಬಟ್ಟೆಯಲ್ಲಿ ಕಟ್ಟಿ ಇಂಬಳಕ್ಕೆ ತಾಗಿಸುವ ಪದ್ಧತಿ ನಮ್ಮಲ್ಲಿದೆ. ತೋಟದ ಆಳುಗಳ ಕಾಲಿಗೆ ಅದು ಸರಿಯಾದ ಉಪಾಯವೇ. ನಾಯಿ ಮಾತ್ರ ತನ್ನ ಕಾಲನ್ನು ನೆಕ್ಕುತ್ತದೆ. ಹೊಗೆಸೊಪ್ಪಿನ ನಿಕೋಟಿನ್ ನಾಯಿಗೆ ವಿಷ, ಸುಣ್ಣ ನಾಲಿಗೆಯನ್ನು ಸುಡುತ್ತದೆ. ಇಂಬಳದಿಂದ ಆಗದ ಹಾನಿ ಅದರ ಮದ್ದಿನಿಂದ ಆದುದನ್ನು ನಾನು ನೋಡಿದ್ದೇನೆ.

ನಾನು ಗಂಭೀರವಾಗಿ ಎಣಿಸುವ ಇಂಬಳ ಬೇರೆಯದು. ಹಳ್ಳದ ನಿಂತ ನೀರಿನಲ್ಲಿ, ಅಬ್ಬಿಯ ಬುಡದ ಹೊಂಡಗಳಲ್ಲಿ ಇರುವ ಒಂದು ಜಾತಿಯ ಸಣ್ಣ ಜಿಗಣೆ, ನಾಯಿ ನೀರು ಕುಡಿಯುವಾಗ ಮೂಗಿನ ಹೊಳ್ಳೆಯೊಳಗೆ ಸೇರಿಕೊಂಡು ಅಲ್ಲಿಯೇ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಉಳಿದು ಬೆಳೆಯುತ್ತದೆ. ಊರಿಗೆ ಮರಳಿದ ಮೇಲೆ ನಾಯಿ ಪದೇ ಪದೇ ಸೀನುತ್ತದೆ, ತಲೆ ಕೊಡವುತ್ತದೆ, ಒಂದೇ ಹೊಳ್ಳೆಯಿಂದ ರಕ್ತ ಬರುತ್ತದೆ. ನಗರದ ವೈದ್ಯರಿಗೆ ಇದು ತಟ್ಟನೆ ಹೊಳೆಯದಿರುವುದು ಸಹಜ. ಇದನ್ನು ತಪ್ಪಿಸುವ ದಾರಿ ಸುಲಭ: ಮನೆಯಿಂದ ಬಾಟಲಿಯಲ್ಲಿ ನೀರು ಕೊಂಡೊಯ್ದು, ಹಳ್ಳದ ದಂಡೆಗೆ ಹೋಗುವ ಮೊದಲೇ ಕುಡಿಸಿಬಿಡುವುದು.

ಇನ್ನು ಉಣುಗು, ಅಂದರೆ ಉಣ್ಣಿ. ನಿಮ್ಮ ತಾಯಿಯವರ ಭಯಕ್ಕೆ ಆಧಾರವಿದೆ, ಆದರೆ ಅದರ ರೂಪವನ್ನು ಸ್ವಲ್ಪ ತಿದ್ದಬೇಕು. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಮಂಗಗಳು ಸತ್ತುದರಿಂದ ಆ ಹೆಸರು ಬಂದಿತಾದರೂ ಮನುಷ್ಯನಿಗೆ ಅದನ್ನು ತಲುಪಿಸುವುದು ಕಾಡಿನ ಉಣುಗು, ಅದರಲ್ಲೂ ಎಳ್ಳಿನಷ್ಟು ಸಣ್ಣದಾದ ಮರಿ ಉಣುಗು. ಮಳೆ ನಿಂತ ಮೇಲೆ ಮರಿಗಳು ಒಣಗಿದ ದರಗಿನಲ್ಲಿ (ಉದುರಿದ ಎಲೆಗಳಲ್ಲಿ) ಹೆಚ್ಚುತ್ತ ಹೋಗಿ, ನವೆಂಬರ್‌ನಿಂದ ಮೇ ತಿಂಗಳವರೆಗೆ ಕಾಯಿಲೆಯ ಕಾಲವಿರುತ್ತದೆ. ಕಾಯಿಲೆ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ನಾಯಿಗೆ ಈ ಜ್ವರ ಬಂದು ನರಳಿದ್ದನ್ನು ನನ್ನ ವೃತ್ತಿಯಲ್ಲಿ ನಾನು ಕಂಡಿಲ್ಲ. ಹಾಗಾಗಿ "ನಾಯಿಗೆ ಮಂಗನ ಕಾಯಿಲೆ ಬಂದು ಅದರಿಂದ ನಮಗೆ ಬರುತ್ತದೆ" ಎಂಬುದು ಸರಿಯಲ್ಲ. ನಾಯಿಯ ಪಾತ್ರ ಇರುವುದು ಬೇರೆ ಬಗೆಯಲ್ಲಿ: ತೋಟಕ್ಕೆ ಸೊಪ್ಪು ತರುವ ಕಾಡಾದ ಸೊಪ್ಪಿನಬೆಟ್ಟದ ದರಗಿನಲ್ಲಿ ಹೊರಳಾಡಿದ ನಾಯಿ ಇನ್ನೂ ಕಚ್ಚಿಲ್ಲದ ಉಣುಗುಗಳನ್ನು ತನ್ನ ಕೂದಲಿನಲ್ಲಿ ಹೊತ್ತು ನೇರವಾಗಿ ಮಗಳ ಹಾಸಿಗೆಗೆ ತರುತ್ತದೆ.

ಇಲ್ಲಿ ಅನೇಕರು ಎಡವುವ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕು. ಈಗ ಉಣುಗಿನ ವಿರುದ್ಧ ನಾಯಿಗೆ ನುಂಗಿಸುವ ಒಳ್ಳೆಯ ಮಾತ್ರೆಗಳು ಬಂದಿವೆ. ಅಫಾಕ್ಸೊಲಾನರ್ ಇರುವುದು ಒಂದು ತಿಂಗಳು, ಫ್ಲುರಲಾನರ್ ಇರುವುದು ಸುಮಾರು ಮೂರು ತಿಂಗಳು ಕೆಲಸ ಮಾಡುತ್ತದೆ. ನಾನು ಅವನ್ನು ಧಾರಾಳವಾಗಿ ಬರೆಯುತ್ತೇನೆ. ಆದರೆ ಮಾತ್ರೆಯ ಔಷಧ ಇರುವುದು ನಾಯಿಯ ರಕ್ತದಲ್ಲಿ. ಉಣುಗು ಕಚ್ಚಿ ರಕ್ತ ಹೀರಿದ ಮೇಲೆಯೇ ಸಾಯುತ್ತದೆ. ಕೂದಲಿನ ಮೇಲೆ ಸವಾರಿ ಮಾಡುತ್ತಿರುವ ಉಣುಗಿಗೆ ಅದರಿಂದ ಏನೂ ಆಗುವುದಿಲ್ಲ. ಎಂದರೆ ಮಾತ್ರೆ ಗುಂಡನನ್ನು ಕಾಯುತ್ತದೆ, ನಿಮ್ಮನ್ನು ಕಾಯುವುದಿಲ್ಲ. ಫ್ಲುಮೆಥ್ರಿನ್ ಇರುವ ಕೊರಳಪಟ್ಟಿ ಉಣುಗು ಮೈಗೆ ಹತ್ತುವುದನ್ನೇ ಕಡಿಮೆ ಮಾಡುವುದರಿಂದ ಕಾಡಂಚಿನ ಪ್ರವಾಸಕ್ಕೆ ನಾನು ಎರಡನ್ನೂ ಸೂಚಿಸುವುದುಂಟು. ಗುಂಡನಿಗೆ ಎಂದಾದರೂ ಫಿಟ್ಸ್ ಬಂದಿದ್ದರೆ ಈ ಗುಂಪಿನ ಮಾತ್ರೆ ಬೇಡ. ನಿಮ್ಮ ವೈದ್ಯರಿಗೆ ಅದನ್ನು ಮರೆಯದೆ ತಿಳಿಸಿ. ಬೀಗಲ್ ತಳಿಯಲ್ಲಿ ಫಿಟ್ಸ್ ಅಪರೂಪವಲ್ಲವಾದ್ದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಇದರ ಮೇಲೂ ಕೈಯ ಕೆಲಸ ತಪ್ಪುವುದಿಲ್ಲ. ಸಂಜೆ ತಿರುಗಾಟ ಮುಗಿದ ಕೂಡಲೇ ನಾಯಿಯನ್ನು ಜಗಲಿಗೂ ಹತ್ತಿಸದೆ, ಅಂಗಳದಲ್ಲಿಯೇ ನಿಲ್ಲಿಸಿ, ಸಣ್ಣಹಲ್ಲಿನ ಬಾಚಣಿಗೆಯಿಂದ ಬಾಚಬೇಕು. ಬೀಗಲ್‌ನ ಗಿಡ್ಡ ಕೂದಲಿನಲ್ಲಿ ಇದು ಹತ್ತು ನಿಮಿಷದ ಕೆಲಸ. ಕಿವಿಯ ಮಡಿಕೆ, ಕೊರಳಪಟ್ಟಿಯ ಅಡಿ, ಕಂಕುಳು, ಬೆರಳ ಸಂದಿ, ಬಾಲದ ಕೆಳಗೆ ಬೆರಳಾಡಿಸಿ ನೋಡಬೇಕು. ಕಚ್ಚಿಕೊಂಡಿರುವ ಉಣುಗನ್ನು ಚಿಮಟದಿಂದ ಚರ್ಮಕ್ಕೆ ಒತ್ತಿದಂತೆ ಹಿಡಿದು ನೇರವಾಗಿ ನಿಧಾನಕ್ಕೆ ಎಳೆಯಬೇಕು. ಸೀಮೆಎಣ್ಣೆ ಹಚ್ಚುವುದು, ಊದುಬತ್ತಿಯಿಂದ ಸುಡುವುದು, ಬೆರಳಲ್ಲಿ ಹೊಸಕುವುದು ಮೂರೂ ಕೂಡದು; ಕಿರುಕುಳಕ್ಕೊಳಗಾದ ಉಣುಗು ಹೊಟ್ಟೆಯಲ್ಲಿದ್ದುದನ್ನು ಗಾಯಕ್ಕೇ ಕಾರುತ್ತದೆ, ಹೊಸಕಿದರೆ ಅದರ ರಸ ನಿಮ್ಮ ಕೈಗೆ ತಾಗುತ್ತದೆ. ಆ ಮೂರು ರಾತ್ರಿ ಗುಂಡ ನಿಮ್ಮ ಹಾಸಿಗೆಯ ಮೇಲೆ ಮಲಗುವುದು ಬೇಡ. ಮಗಳಿಗೆ ಇದನ್ನು ಊರಿನಲ್ಲಿಯೇ ಹೇಳಿ ಒಪ್ಪಿಸಿಕೊಳ್ಳಿ.

ಬೇವಿನ ಎಣ್ಣೆಯನ್ನು ನಾನು ಹಳಿಯುವುದಿಲ್ಲ. ವಾಸನೆಗೆ ಉಣುಗು ಒಂದಿಷ್ಟು ಹೊತ್ತು ದೂರವಿರಬಹುದು. ಆದರೆ ದರಗಿನಲ್ಲಿ ಎರಡು ಸುತ್ತು ಓಡಾಡುವಷ್ಟರಲ್ಲಿ ಅದು ಒರಸಿಹೋಗುತ್ತದೆ, ಉಳಿದುದನ್ನು ನಾಯಿ ನೆಕ್ಕಿ ವಾಂತಿ ಮಾಡುತ್ತದೆ. ಅರಿಶಿನದಿಂದ ಬಣ್ಣ ಬರುತ್ತದೆ, ರಕ್ಷಣೆ ಬರುವುದಿಲ್ಲ. ಮಂಗನ ಕಾಯಿಲೆಯ ಊರುಗಳಲ್ಲಿ ಆರೋಗ್ಯ ಇಲಾಖೆಯವರು ಹಂಚುವ ಡೇಪಾ ತೈಲ ಮನುಷ್ಯರ ಕೈಕಾಲಿಗೆ ಹಚ್ಚಲು ಇರುವುದು. ನೀವು ಹಚ್ಚಿಕೊಳ್ಳಿ, ನಾಯಿಗೆ ಹಚ್ಚಬೇಡಿ.

ಉಣುಗಿನಿಂದ ನಾಯಿಗೇ ಬರುವ ಕಾಯಿಲೆಗಳ ಹೆಸರು ನಿಮ್ಮ ಪತ್ರದಲ್ಲಿ ಇರಲಿಲ್ಲ. ಎರ್ಲಿಕಿಯಾ ಮತ್ತು ಬೇಬಿಸಿಯಾ ಎಂಬ ಎರಡು ರೋಗಗಳು ಬೆಂಗಳೂರಿನಲ್ಲಿಯೂ ಇವೆ, ಇಲ್ಲಿಯೂ ಇವೆ. ಮೊದಲನೆಯದು ಬಿಳಿ ರಕ್ತಕಣಗಳೊಳಗೆ ಸೇರಿ, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್ಲೆಟ್‌ಗಳನ್ನು ಇಳಿಸುತ್ತದೆ. ಎರಡನೆಯದು ಕೆಂಪು ಕಣಗಳನ್ನು ಒಡೆದು ಒಸಡನ್ನು ಬೆಳ್ಳಗಾಗಿಸುತ್ತದೆ, ಮೂತ್ರವನ್ನು ಕಾಫಿ ಬಣ್ಣಕ್ಕೆ ತಿರುಗಿಸುತ್ತದೆ. ಎರಡೂ ಉಣುಗು ಕಚ್ಚಿದ ಒಂದರಿಂದ ಮೂರು ನಾಲ್ಕು ವಾರಗಳ ನಂತರ ತಲೆದೋರುತ್ತವೆ. ಅಷ್ಟರಲ್ಲಿ ಪ್ರವಾಸದ ಚಿತ್ರಗಳನ್ನೂ ನೋಡಿ ಮುಗಿಸಿರುತ್ತೀರಿ, ನಾಯಿ ಊಟ ಬಿಟ್ಟುದಕ್ಕೂ ತೀರ್ಥಹಳ್ಳಿಗೂ ಸಂಬಂಧವಿದೆಯೆಂದು ಯಾರಿಗೂ ಅನಿಸುವುದಿಲ್ಲ. ನನಗೆ ಅತಿ ಹೆಚ್ಚು ಸಂಕಟ ತರುವುದು ಹೀಗೆ ತಡವಾಗಿ ಬರುವ ನಾಯಿಗಳೇ. ಮೊದಲ ವಾರದಲ್ಲಿ ಡಾಕ್ಸಿಸೈಕ್ಲಿನ್‌ನಿಂದ ಚೇತರಿಸಿಕೊಳ್ಳಬಹುದಾಗಿದ್ದ ಎರ್ಲಿಕಿಯಾ ಒಂದೆರಡು ತಿಂಗಳು ಕಳೆದರೆ ಮೂಳೆಮಜ್ಜೆಯನ್ನೇ ಬತ್ತಿಸಬಲ್ಲದು.

ಯಜಮಾನರು ಹೇಳಿದ "ಬಿಟ್ಟುಬಿಡಿ, ಏನೂ ಆಗುವುದಿಲ್ಲ" ಎಂಬ ಮಾತನ್ನು ಅವರು ಕೆಟ್ಟ ಮನಸ್ಸಿನಿಂದ ಹೇಳಿಲ್ಲ. ಅವರ ನಾಯಿಗಳಿಗೆ ಎಲ್ಲಿ ಕಾಡುಹಂದಿ ಬರುತ್ತದೆ, ಯಾರ ತೋಟದ ಬೇಲಿಗೆ ಕರೆಂಟು ಕೊಟ್ಟಿದ್ದಾರೆ, ಯಾವ ಹೊತ್ತಿನಲ್ಲಿ ಅಂಗಳ ಬಿಟ್ಟು ಇಳಿಯಬಾರದು ಎಂಬುದೆಲ್ಲ ಮರಿಯಿಂದಲೇ ಗೊತ್ತಿದೆ. ಗೊತ್ತಾಗದೆ ಸತ್ತವುಗಳ ಲೆಕ್ಕ ಅತಿಥಿಗಳಿಗೆ ಸಿಗುವುದಿಲ್ಲ. ಗುಂಡ ಬೀಗಲ್. ವಾಸನೆ ಹಿಡಿದು ಮೊಲದ ಬೆನ್ನು ಹತ್ತಲೆಂದೇ ಶತಮಾನಗಳ ಕಾಲ ಸಾಕಿದ ತಳಿ ಅದು. ಉದ್ಯಾನದಲ್ಲಿ ಕರೆದರೆ ಬರುವ ಅವನು ಹಂದಿ ತುಳಿದ ಒದ್ದೆ ಮಣ್ಣಿಗೆ ಮೂಗು ತಾಗಿದ ಕ್ಷಣದಲ್ಲಿ ನಿಮ್ಮ ದನಿಯನ್ನು ಕೇಳುವುದೇ ಇಲ್ಲ. ಇದು ಹಟವಲ್ಲ, ಅವನ ಹುಟ್ಟುಗುಣ.

ಕೆಲವು ವರ್ಷಗಳ ಹಿಂದೆ ಹೊಸನಗರದ ಕಡೆ ಬಂದಿದ್ದ ಕುಟುಂಬವೊಂದು ಇಂಥದೇ ಮಾತನ್ನು ನಂಬಿ ನಾಯಿಯನ್ನು ಸಂಜೆ ಬಿಟ್ಟಿತು. ಎರಡು ರಾತ್ರಿ ಹುಡುಕಿದ ಮೇಲೆ ಪಕ್ಕದ ತೋಟದ ಅಂಚಿನಲ್ಲಿ ಹಂದಿಗೆ ಹಾಕಿದ್ದ ತಂತಿಯ ಉರುಳಿನಲ್ಲಿ ಸಿಕ್ಕಿತ್ತು. ಸೊಂಟಕ್ಕೆ ಬಿದ್ದಿದ್ದರೆ ಬದುಕುತ್ತಿರಲಿಲ್ಲ, ಮುಂಗಾಲಿಗೆ ಬಿದ್ದಿತ್ತು. ಆ ಕಾಲನ್ನು ಉಳಿಸಲು ನನಗೆ ಸಾಧ್ಯವಾಗಲಿಲ್ಲ. ನಾಯಿ ಮೂರು ಕಾಲಿನಲ್ಲಿ ಚೆನ್ನಾಗಿಯೇ ಬದುಕಿತು, ಆದರೆ ಆ ಮನೆಯವರು ನನ್ನ ಮುಂದೆ ಕುಳಿತು ಅತ್ತದ್ದು ನನಗೆ ಇನ್ನೂ ನೆನಪಿದೆ. ಉರುಳಿನ ಜೊತೆಗೆ ಹಂದಿ ಕೊಲ್ಲಲು ತಿನಿಸಿನಲ್ಲಿ ಅಡಗಿಸಿಡುವ ಸಿಡಿಮದ್ದಿನ ಉಂಡೆಗಳೂ ಕೆಲವು ಕಡೆ ಇರುತ್ತವೆ. ಕಾನೂನುಬಾಹಿರವಾದರೂ ಇವೆ, ಮತ್ತು ಅದನ್ನು ಕಚ್ಚಿದ ನಾಯಿಯ ದವಡೆಗೆ ವೈದ್ಯ ಮಾಡಬಹುದಾದದ್ದು ಬಹಳ ಕಡಿಮೆ. ಆದ್ದರಿಂದ ಮೂರೂ ದಿನ ಗುಂಡ ಹಗ್ಗದಲ್ಲಿಯೇ ಇರಲಿ. ಕೊರಳಿಗಲ್ಲ, ಎದೆಗೆ ಹಾಕುವ ಪಟ್ಟಿಗೆ ಕಟ್ಟಿದ ಐದಾರು ಮೀಟರ್ ಉದ್ದದ ಹಗ್ಗವಿದ್ದರೆ ಅವನಿಗೆ ಮೂಸಲು ಬೇಕಾದಷ್ಟು ಜಾಗ ಸಿಗುತ್ತದೆ. ರಾತ್ರಿ ಮನೆಯೊಳಗೆ, ಬಾಗಿಲು ಹಾಕಿದ ಕೋಣೆಯಲ್ಲಿ ಮಲಗಬೇಕು. ಜಗಲಿಯ ಕಂಬಕ್ಕೆ ಕಟ್ಟಿ ಮಲಗಿಸುವುದು ಬಿಡುವುದಕ್ಕಿಂತಲೂ ಕೆಟ್ಟದ್ದು. ಚಿರತೆಗೆ ನಾಯಿ ಸುಲಭದ ಬೇಟೆ, ಕಟ್ಟಿದ ನಾಯಿಗೆ ಓಡುವ ದಾರಿಯೂ ಇಲ್ಲ.

ತೋಟದ ಅಪಾಯಗಳು ಋತುವಿಗೆ ತಕ್ಕಂತೆ ಬದಲಾಗುತ್ತವೆ. ಆಗಸ್ಟಿನಲ್ಲಿ ಅಡಿಕೆಯ ಕೊಳೆರೋಗಕ್ಕೆ ಎರಡನೆಯ ಸುತ್ತಿನ ಬೋರ್ಡೋ ದ್ರಾವಣ ಹೊಡೆಯುವ ಕೆಲಸ ಕೆಲವು ತೋಟಗಳಲ್ಲಿ ನಡೆಯುತ್ತಿರುತ್ತದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಸೇರಿಸಿದ ಆ ನೀಲಿ ದ್ರಾವಣದ ಡ್ರಮ್ಮಿಗೆ ನಾಯಿ ಬಾಯಿ ಹಾಕಿದರೆ ವಾಂತಿ ಭೇದಿ ಶುರುವಾಗುತ್ತದೆ, ಹೆಚ್ಚು ಕುಡಿದರೆ ಯಕೃತ್ತಿಗೆ ಪೆಟ್ಟು. ಜನವರಿಯಲ್ಲಿ ಅಡಿಕೆ ಕೊಯ್ಲಿನ ಭರಾಟೆ. ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಯನ್ನು ಅಗಿಯುವ ಮರಿನಾಯಿಗಳಿವೆ. ಬೀಗಲ್ ದೊಡ್ಡದಾದರೂ ತಿನ್ನುವ ವಿಷಯದಲ್ಲಿ ಮರಿಯೇ. ಅಡಿಕೆಯಲ್ಲಿರುವ ಅರೆಕೊಲೀನ್ ನಾಯಿಯ ಕರುಳನ್ನು ಎಷ್ಟು ಬಲವಾಗಿ ಹಿಂಡುತ್ತದೆಯೆಂದರೆ, ಹಿಂದೆ ಲಾಡಿಹುಳು ಬೀಳಿಸಲು ಅದನ್ನೇ ಔಷಧವಾಗಿ ಕೊಡುತ್ತಿದ್ದರು. ಜೊಲ್ಲು ಸುರಿಸುತ್ತ, ವಾಂತಿ ಭೇದಿ ಮಾಡುತ್ತ ಬರುವ ನಾಯಿಯ ಬಗ್ಗೆ "ವಿಷ ಹಾಕಿದ್ದಾರೆ" ಎಂದು ಗಾಬರಿಯಾಗುವ ಮುನ್ನ ಅಡಿಕೆ ಚಪ್ಪರದ ಕಡೆ ಹೋಗಿತ್ತೇ, ಚೊಗರಿನ (ಅಡಿಕೆ ಬೇಯಿಸಿದ ನೀರಿನ) ಪಾತ್ರೆ ನೆಕ್ಕಿತೇ ಎಂದು ಕೇಳುವುದು ನನ್ನ ರೂಢಿ. ಇಲಿಪಾಷಾಣ ಎಲ್ಲಿ ಇಟ್ಟಿದ್ದಾರೆ ಎಂಬುದನ್ನು ಮಾತ್ರ ಮನೆಯವರನ್ನು ಸಂಕೋಚವಿಲ್ಲದೆ ಮೊದಲ ದಿನವೇ ಕೇಳಿ.

ಈಗ ಯಾವಾಗ ಹೋಗುವುದು ಎಂಬ ಪ್ರಶ್ನೆ. ಆಗಸ್ಟಿನಲ್ಲಿ ಕಣ್ಣಿಗೆ ಕಾಣುವ ತೊಂದರೆ ಹೆಚ್ಚು: ಇಂಬಳ, ಬಿಡದ ಮಳೆ, ಒದ್ದೆ ಕಿವಿ. ಜೋಲುಕಿವಿಯ ನಾಯಿಗೆ ಮೂರು ದಿನ ಕಿವಿ ಆರದಿದ್ದರೆ ಸೋಂಕು ಖಂಡಿತ, ಪ್ರತಿ ಸಲ ಒಳಬಂದಾಗ ಒರಸಿ ಒಣಗಿಸಬೇಕು. ಕಾಣದ ತೊಂದರೆಯೆಂದರೆ ಇಲಿ ಜ್ವರ. ಇಲಿಯ ಮೂತ್ರ ಬೆರೆತ ಗದ್ದೆಯ ನೀರು, ಕೆಸರು ಅದರ ನೆಲೆ. ನಾಯಿಯ ಮೂತ್ರಪಿಂಡ ಮತ್ತು ಯಕೃತ್ತನ್ನು ಅದು ಕೆಡಿಸುತ್ತದೆ, ನಾಯಿಯ ಮೂತ್ರದಿಂದ ಮನುಷ್ಯರಿಗೂ ಬರುತ್ತದೆ. ಇದರ ಲಸಿಕೆಯ ಬಲ ಸುಮಾರು ಒಂದು ವರ್ಷ ಮಾತ್ರ. ಗುಂಡನಿಗೆ ಎರಡು ವರ್ಷ ಕಳೆದಿರುವುದರಿಂದ ಒಂದು ಚುಚ್ಚುಮದ್ದು ಸಾಲದು; ಎರಡರಿಂದ ನಾಲ್ಕು ವಾರಗಳ ಅಂತರದಲ್ಲಿ ಎರಡು ಬೇಕು, ಎರಡನೆಯದನ್ನು ಹಾಕಿಸಿ ಎರಡು ವಾರ ಕಳೆಯಬೇಕು. ಆಗಸ್ಟ್ 15ಕ್ಕೆ ಹೊರಡುವುದಾದರೆ ಜುಲೈ ಮೊದಲ ವಾರದಲ್ಲಿಯೇ ಮೊದಲನೆಯದು ಆಗಬೇಕೆಂದು ಲೆಕ್ಕ. ರೇಬೀಸ್ ಆಗಸ್ಟಿಗೆ ಸರಿಯಿದೆ, ಸಂಕ್ರಾಂತಿಗೆ ಅವಧಿ ಮೀರಿರುತ್ತದೆ. ನವೆಂಬರಿನಲ್ಲಿ ಮತ್ತೆ ಹಾಕಿಸಲೇಬೇಕು.

ಜನವರಿಯಲ್ಲಿ ಹವೆ ಹಿತವಾಗಿರುತ್ತದೆ, ನಡೆಯಲು ನೆಲ ಒಣಗಿರುತ್ತದೆ. ಆದರೆ ಅದು ಮರಿ ಉಣುಗಿನ ಕಾಲ, ಮತ್ತು ನೀವು ನೋಡಿರುವ ಮನೆ ಕಾಡಿಗೆ ಬೆನ್ನು ಕೊಟ್ಟಿದೆ. ನನ್ನನ್ನೇ ಕೇಳಿದರೆ ನಿಮ್ಮ ಎರಡೂ ದಿನಾಂಕಗಳನ್ನು ಬಿಟ್ಟು, ದೀಪಾವಳಿಯ ಪಟಾಕಿ ದಿನಗಳನ್ನು ತಪ್ಪಿಸಿ, ಅಕ್ಟೋಬರ್ ಕೊನೆ ಅಥವಾ ನವೆಂಬರ್ ಮೊದಲ ವಾರವನ್ನು ಆರಿಸುತ್ತೇನೆ. ಮಳೆ ತಗ್ಗಿರುತ್ತದೆ, ಇಂಬಳ ಇಳಿಮುಖವಾಗಿರುತ್ತದೆ, ಉಣುಗು ಇನ್ನೂ ಏರಿರುವುದಿಲ್ಲ, ಗದ್ದೆಯೆಲ್ಲ ಹಸಿರಾಗಿರುತ್ತದೆ. ಲಸಿಕೆಗೂ ಬೇಕಾದಷ್ಟು ಸಮಯ ಸಿಗುತ್ತದೆ. ಸಂಕ್ರಾಂತಿಯೇ ಅನಿವಾರ್ಯವಾದರೆ ಮನೆಯನ್ನು ಬದಲಾಯಿಸಿ: ಕಾಡಂಚಿನದನ್ನು ಬಿಟ್ಟು, ತುಂಗೆಯ ದಂಡೆಯಲ್ಲೋ ಗದ್ದೆ ಬಯಲಿನ ನಡುವೆಯೋ ಇರುವ ಮನೆ ಹುಡುಕಿ, ಮತ್ತು ಆ ಊರಿನ ಆಶಾ ಕಾರ್ಯಕರ್ತೆಯರನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ವಿಚಾರಿಸಿ, ಆ ವರ್ಷ ಮಂಗನ ಸಾವು ಅಥವಾ ಜ್ವರದ ಪ್ರಕರಣಗಳು ಕಂಡಿವೆಯೇ ಎಂದು ತಿಳಿದುಕೊಂಡು ಹೊರಡಿ. ಕಂಡಿದ್ದರೆ ಹೋಗಬೇಡಿ. ನಿಮ್ಮ ತಾಯಿ ಮತ್ತು ಮಗಳ ದೃಷ್ಟಿಯಿಂದ ಇದರಲ್ಲಿ ನಾನು ರಾಜಿಯಾಗುವುದಿಲ್ಲ.

ಕಾರಿನ ವಾಂತಿಗೆ ನಿದ್ದೆ ಮಾತ್ರೆ ಪರಿಹಾರವಲ್ಲ. ಹಳೆಯ ಪದ್ಧತಿಯಂತೆ ಕೊಡುವ ಅಸಿಪ್ರೋಮಜಿನ್ ನಾಯಿಯ ದೇಹವನ್ನು ಜಡಗೊಳಿಸುತ್ತದೆ, ಭಯವನ್ನು ಹಾಗೆಯೇ ಉಳಿಸುತ್ತದೆ; ರಕ್ತದೊತ್ತಡವನ್ನು ಇಳಿಸುತ್ತದೆ, ಮೈಯ ಬಿಸಿಯನ್ನು ಹದದಲ್ಲಿಡುವ ಶಕ್ತಿಯನ್ನೂ ಕುಂದಿಸುತ್ತದೆ. ಮಂಪರಿನಲ್ಲಿ ವಾಂತಿ ಮಾಡಿದ ನಾಯಿಗೆ ಅದು ಶ್ವಾಸನಾಳಕ್ಕೆ ಹೋಗುವ ಅಪಾಯ ಬೇರೆ. ನಿಮ್ಮ ಮನೆಯ ಡಬ್ಬಿಯಲ್ಲಿರುವ ಮನುಷ್ಯರ ಮಾತ್ರೆಗಳೂ ಬೇಡ. ಮಾರೋಪಿಟೆಂಟ್ ಎಂಬ, ನಾಯಿಗಳ ಪ್ರಯಾಣದ ವಾಂತಿಗೆಂದೇ ಇರುವ ಔಷಧವಿದೆ; ಗುಂಡನನ್ನು ತೂಗಿ ನಿಮ್ಮ ವೈದ್ಯರು ಪ್ರಮಾಣ ಹೇಳುತ್ತಾರೆ. ಅದಕ್ಕಿಂತ ಮುಖ್ಯವಾದದ್ದು ಅಭ್ಯಾಸ. ಗುಂಡ ಕಾರು ಹತ್ತುವುದು ಆಸ್ಪತ್ರೆಗೆ ಹೋಗುವಾಗ ಮಾತ್ರವೇ? ಹಾಗಿದ್ದರೆ ಅವನ ಹೊಟ್ಟೆ ತೊಳಸುವುದು ಅರ್ಧ ಒಳಕಿವಿಯಿಂದ, ಅರ್ಧ ನೆನಪಿನಿಂದ. ಈಗಿನಿಂದಲೇ ಎರಡು ದಿನಕ್ಕೊಮ್ಮೆ ನಿಂತ ಕಾರಿನಲ್ಲಿ ಕೂರಿಸಿ ತಿಂಡಿ ಕೊಡಿ, ಆಮೇಲೆ ಒಂದು ಸುತ್ತು, ಆಮೇಲೆ ಹತ್ತು ನಿಮಿಷ. ಆರು ವಾರಗಳಲ್ಲಿ ಬಹುಪಾಲು ನಾಯಿಗಳು ಬದಲಾಗುತ್ತವೆ. ಹೊರಡುವ ದಿನ ಆರೇಳು ಗಂಟೆ ಮೊದಲೇ ಊಟ ಮುಗಿದಿರಲಿ, ನೀರು ಇರಲಿ. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಸುಮಾರು 300 ಕಿಲೋಮೀಟರ್, ಅಲ್ಲಿಂದ ತೀರ್ಥಹಳ್ಳಿಗೆ ಇನ್ನೂ 60. ತಿರುವುಗಳು ಆರಂಭವಾಗುವುದು ಈ ಕೊನೆಯ ಭಾಗದಲ್ಲಿ, ಆದ್ದರಿಂದ ಶಿವಮೊಗ್ಗದಲ್ಲಿ ಒಂದು ಗಂಟೆ ನಿಂತು ಮುಂದುವರಿಯಿರಿ. ನಿಲ್ಲಿಸಿದಾಗಲೆಲ್ಲ ಮೊದಲು ಹಗ್ಗ, ಆಮೇಲೆ ಬಾಗಿಲು. ಕಿಟಕಿ ಮುಚ್ಚಿದ ಕಾರಿನಲ್ಲಿ ಅವನನ್ನು ಬಿಟ್ಟು ಊಟಕ್ಕೆ ಹೋಗುವುದು ಚಳಿಗಾಲದ ಬಿಸಿಲಿನಲ್ಲಿಯೂ ಬೇಡ.

ಅಲ್ಲಿ ತಲುಪಿದ ಮೇಲೆ ಏನು ಮಾಡಬೇಕು? ಮೊದಲ ದಿನ ಏನೂ ಮಾಡಬೇಡಿ. ವಯಸ್ಕ ನಾಯಿ ದಿನಕ್ಕೆ ಹನ್ನೆರಡು ಗಂಟೆಗೂ ಹೆಚ್ಚು ನಿದ್ರಿಸುತ್ತದೆ. ಹೊಸ ಜಾಗದಲ್ಲಿ ಆ ನಿದ್ದೆ ಕೆಟ್ಟರೆ ಕಿರಿಕಿರಿ, ಬೊಗಳು, ಹೊಟ್ಟೆಯ ತೊಂದರೆ ಸಾಲಾಗಿ ಬರುತ್ತವೆ. ಮನೆಯಲ್ಲಿ ಅವನು ಮಲಗುವ ಹಳೆಯ ಚಾದರವನ್ನು ಒಗೆಯದೆ ತನ್ನಿ, ತಿನ್ನುವ ಆಹಾರವನ್ನೂ ಮನೆಯಿಂದಲೇ ತನ್ನಿ. ಕಡುಬು, ಕೋಳಿ ಸಾರಿನ ಮೂಳೆ ಯಾರ ಪ್ರೀತಿಯ ಕೈಯಿಂದ ಬಂದರೂ ನಯವಾಗಿ ಬೇಡವೆನ್ನಿ. ಮನೆಯ ನಾಯಿಗಳ ಪರಿಚಯ ಅಂಗಳದಲ್ಲಿ ಬೇಡ, ಅದು ಅವುಗಳ ರಾಜ್ಯ. ರಸ್ತೆಯಲ್ಲಿ, ಎರಡೂ ಕಡೆ ಹಗ್ಗವಿದ್ದು, ಒಂದೇ ದಿಕ್ಕಿಗೆ ಸ್ವಲ್ಪ ದೂರ ಜೊತೆಗೆ ನಡೆದು ಒಳಬನ್ನಿ. ಕೊಟ್ಟಿಗೆಯಲ್ಲಿ ಕರು ಹಾಕಿದ ಹಸುವಿದ್ದರೆ ಆ ಕಡೆ ಸುಳಿಯಬೇಡಿ. ಮಳೆಗಾಲದ ಸಂಜೆ ಗೋಂಕರು ಕಪ್ಪೆಯನ್ನು ಕಚ್ಚಿ ಬಾಯಲ್ಲಿ ನೊರೆ ಬಂದರೆ ತಲೆ ತಗ್ಗಿಸಿ ಹಿಡಿದು, ನೀರು ಹೊರಗೆ ಹರಿಯುವಂತೆ ಬಾಯಿ ತೊಳೆಯಿರಿ.

ಬೆಳಿಗ್ಗೆ ಬಿಸಿಲು ಏರುವ ಮೊದಲು ಒಂದು ಗಂಟೆ, ಸಂಜೆ ಕತ್ತಲಾಗುವ ಮೊದಲು ಒಂದು ಗಂಟೆ, ಗದ್ದೆಯ ಬದುವಿನಲ್ಲೋ ಮಣ್ಣಿನ ರಸ್ತೆಯಲ್ಲೋ ಅವನ ಮೂಗು ಹೋದಲ್ಲಿ ನೀವು ಹೋಗಿ. ನಡೆದ ದೂರ ಮುಖ್ಯವಲ್ಲ. ಇಪ್ಪತ್ತು ನಿಮಿಷ ಒಂದೇ ಬದುವನ್ನು ಮೂಸಲು ಬಿಟ್ಟ ನಾಯಿ ಐದು ಕಿಲೋಮೀಟರ್ ಎಳೆದಾಡಿಸಿಕೊಂಡ ನಾಯಿಗಿಂತ ನೆಮ್ಮದಿಯಾಗಿ ಮಲಗುತ್ತದೆ; ಇದನ್ನು ನನ್ನ ಮನೆಯ ನಾಯಿಗಳಲ್ಲಿಯೇ ನೋಡಿದ್ದೇನೆ. ಕವಲೇದುರ್ಗ, ಕುಂದಾದ್ರಿ ನೋಡುವ ಆಸೆಯಿದ್ದರೆ ದೊಡ್ಡವರಲ್ಲಿ ಒಬ್ಬರು ಗುಂಡನ ಜೊತೆ ಮನೆಯಲ್ಲಿ ಉಳಿದು ಸರದಿಯ ಮೇಲೆ ಹೋಗಿ. ಎರಡೂ ಕಡೆ ದೇಗುಲಗಳಿವೆ. ಶೆಟ್ಟಿಹಳ್ಳಿ, ಭದ್ರಾ, ಸೋಮೇಶ್ವರದಂಥ ಸಂರಕ್ಷಿತ ಅರಣ್ಯಗಳಿಗೆ ಸಾಕುನಾಯಿಯನ್ನು ಒಯ್ಯುವಂತಿಲ್ಲ. ಇದು ಬರೀ ಕಾನೂನಿನ ಮಾತಲ್ಲ. ನಾಯಿಗಳ ಡಿಸ್ಟೆಂಪರ್ ವೈರಸ್ 2018ರಲ್ಲಿ ಗಿರ್ ಅರಣ್ಯದ ಸಿಂಹಗಳಿಗೆ ತಗುಲಿ ಹಲವು ಸಿಂಹಗಳು ಸತ್ತವು. ನಮ್ಮ ಕಾಡಿನ ಸೀಳುನಾಯಿಗಳಿಗೂ ಅದೇ ಅಪಾಯವಿದೆ.

ಬಿಟ್ಟು ಹೋಗುವ ಆಯ್ಕೆಯನ್ನೂ ತಳ್ಳಿಹಾಕಬೇಡಿ. ಅಭ್ಯಾಸ ಮಾಡಿಸಿದ ಮೇಲೂ ಕಾರಿನಲ್ಲಿ ನಡುಗುತ್ತಿದ್ದರೆ, ತಾಯಿಯವರು ಊರಿನಲ್ಲಿಯೇ ಉಳಿಯಲು ಒಪ್ಪುವುದಾದರೆ, ಗುಂಡನಿಗೆ ಅವನ ಮನೆಯಷ್ಟು ವಿಶ್ರಾಂತಿಯ ಜಾಗ ಇನ್ನೊಂದಿಲ್ಲ. ನಾಯಿಗಳನ್ನು ನೋಡಿಕೊಳ್ಳುವ ಕೇಂದ್ರಕ್ಕೆ ಬಿಡುವುದಾದರೆ ಒಂದು ರಾತ್ರಿ ಪ್ರಯೋಗಕ್ಕೆ ಬಿಟ್ಟು ನೋಡಿ. ಒಟ್ಟಿಗೆ ಹತ್ತಾರು ನಾಯಿಗಳಿರುವ ಕಡೆ ಕೆಮ್ಮು, ಉಣುಗು ಎರಡೂ ಸಿಗುತ್ತವೆ ಎಂಬುದು ತಿಳಿದಿರಲಿ.

ತುರ್ತಿಗೆ ತೀರ್ಥಹಳ್ಳಿಯಲ್ಲಿ ಸರ್ಕಾರಿ ಪಶು ಆಸ್ಪತ್ರೆಯಿದೆ, ದೊಡ್ಡ ತೊಂದರೆಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಬರಬೇಕಾಗುತ್ತದೆ. ಪಶುಸಂಗೋಪನಾ ಇಲಾಖೆಯ ಸಹಾಯವಾಣಿ 1962. ಹಾವು ಕಚ್ಚಿದೆಯೆಂಬ ಅನುಮಾನ ಬಂದರೆ ಕಟ್ಟು ಬಿಗಿಯಬೇಡಿ, ಗಾಯ ಕೊಯ್ಯಬೇಡಿ, ಎತ್ತಿಕೊಂಡು ಕಾರಿಗೆ ಬನ್ನಿ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ಮಾಡಿದ್ದು. ಕಾಫಿ, ಅಡಿಕೆ ತೋಟದ ಗುಳಿಮಂಡಲಗಳಿಗೆ ಅದು ಹೊಂದುವುದಿಲ್ಲವಾದ್ದರಿಂದ ದೂರದಿಂದ ಹಾವಿನ ಚಿತ್ರ ಸಿಕ್ಕರೆ ವೈದ್ಯರಿಗೆ ಉಪಕಾರ. ಹಿಡಿಯಲು ಹೋಗಬೇಡಿ.

ಮನೆಗೆ ಮರಳಿದ ನಂತರ ಗುಂಡನ ಲಸಿಕೆ ಪುಸ್ತಕದಲ್ಲಿ ಹೋದ ಊರಿನ ಹೆಸರನ್ನೂ ದಿನಾಂಕವನ್ನೂ ಬರೆದಿಡಿ. ನಾಲ್ಕು ವಾರಗಳ ಕಾಲ ಊಟ, ಉತ್ಸಾಹ, ಒಸಡಿನ ಬಣ್ಣ, ಮೂತ್ರದ ಬಣ್ಣ ಗಮನಿಸಿ. ಮೂಗಿನಲ್ಲಿ ರಕ್ತ ಕಂಡರೆ ಎರಡು ಪ್ರಶ್ನೆಗಳಿಗೆ ಉತ್ತರ ಹಿಡಿದುಕೊಂಡು ವೈದ್ಯರ ಬಳಿ ಹೋಗಿ: ಒಂದೇ ಹೊಳ್ಳೆಯಿಂದ ಬರುತ್ತಿದೆಯೇ, ಜ್ವರವಿದೆಯೇ? ಜ್ವರವಿಲ್ಲದೆ, ಸೀನುತ್ತ, ಒಂದೇ ಕಡೆಯಿಂದ ಬಂದರೆ ಜಿಗಣೆ ಇದೆಯೇ ಎಂದು ಮೂಗಿನೊಳಗೆ ನೋಡಲು ಕೇಳಿ. ಜ್ವರ, ಸುಸ್ತು, ಮೈಮೇಲೆ ಕೆಂಪು ಚುಕ್ಕೆಗಳೊಡನೆ ಬಂದರೆ ಅದೇ ದಿನ ರಕ್ತದ ಲೇಪನ ಪರೀಕ್ಷೆ (ಬ್ಲಡ್ ಸ್ಮಿಯರ್) ಮತ್ತು ಪ್ಲೇಟ್ಲೆಟ್ ಎಣಿಕೆ ಮಾಡಿಸಿ. ಮನೆಯವರಲ್ಲಿ ಯಾರಿಗಾದರೂ ಮರಳಿದ ಹತ್ತು ದಿನಗಳೊಳಗೆ ತಲೆನೋವು, ಮೈಕೈ ನೋವಿನೊಡನೆ ಇದ್ದಕ್ಕಿದ್ದಂತೆ ಜ್ವರ ಬಂದರೆ, ತೀರ್ಥಹಳ್ಳಿಯ ಕಾಡಂಚಿನಲ್ಲಿ ಉಳಿದಿದ್ದೆವೆಂದು ವೈದ್ಯರಿಗೆ ಮೊದಲ ಮಾತಿನಲ್ಲಿಯೇ ಹೇಳಿ.